ನೆಲದಿಂದ ಎದ್ದು ನಿಲ್ಲುವ ಶಕ್ತಿ: ಅರವತ್ತರ ನಂತರ ವಾಕಿಂಗ್ ಒಂದೇ ಏಕೆ ಸಾಲದು

ಸುಗ್ಗಿ ಮುಗಿದು ಬಿಸಿಲು ಏರತೊಡಗಿತೆಂದರೆ ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಗುಳೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಬಳ್ಳಾರಿ ನಗರದ ಬಡಾವಣೆಗಳ ಕಥೆಯೂ ಬೇರೆಯಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ, ಮನೆ ನಡೆಸುವವರು ಎಪ್ಪತ್ತರ ಆಸುಪಾಸಿನ ದಂಪತಿ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು. ಇಂಥ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆ, ಎಲುಬು ಮುರಿಯದಿದ್ದರೂ, ಅವರನ್ನು ಎಬ್ಬಿಸುವವರು ಯಾರು?

ಮುಪ್ಪಿನಲ್ಲಿ ಮೈ ಗಟ್ಟಿಯಾಗಿರಬೇಕು ಎಂಬ ಮಾತನ್ನು ಈ ಪ್ರಶ್ನೆಯಿಂದಲೇ ಶುರುಮಾಡಬೇಕು. ತೂಕ ಎಷ್ಟು, ದಿನಕ್ಕೆ ಎಷ್ಟು ಹೆಜ್ಜೆ ಎಂಬ ಲೆಕ್ಕಗಳು ಆಮೇಲೆ. ಕುರ್ಚಿಯಿಂದ, ಪಾಯಖಾನೆಯಿಂದ, ನೆಲದಿಂದ ಯಾರ ಕೈಯನ್ನೂ ಹಿಡಿಯದೆ ಏಳಲು ಬೇಕಾದ ಬಲ ತೊಡೆ, ಸೊಂಟ, ಮೀನಖಂಡಗಳಲ್ಲಿ ಇದೆಯೇ ಎಂಬುದು ಮೊದಲು. ಈ ಬಲ ವಾಕಿಂಗ್‌ನಿಂದ ಬರುವುದಿಲ್ಲ. ಹೊಲದ ಕೆಲಸದಿಂದಲೂ ನಾವು ಅಂದುಕೊಂಡಷ್ಟು ಬರುವುದಿಲ್ಲ.

ಮೂವತ್ತು ದಾಟಿದ ಮೇಲೆ ದೇಹದ ಸ್ನಾಯು ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ಸ್ನಾಯುವಿನ ಗಾತ್ರಕ್ಕಿಂತ ಬೇಗ ಅದರ ಬಲ ಇಳಿಯುತ್ತದೆ. ಬಲಕ್ಕಿಂತಲೂ ಬೇಗ ಇಳಿಯುವುದು ಚುರುಕು, ಅಂದರೆ ಎಡವಿದಾಗ ಇನ್ನೊಂದು ಕಾಲನ್ನು ತಟ್ಟನೆ ಮುಂದಿಟ್ಟು ಬೀಳದಂತೆ ತಡೆಯುವ ಸಾಮರ್ಥ್ಯ. ಆ ಚುರುಕು ಕೊಡುವ ಸ್ನಾಯು ಎಳೆಗಳು ಭಾರದ ಅಥವಾ ವೇಗದ ಕೆಲಸಕ್ಕೆ ಮಾತ್ರ ಎಚ್ಚರಗೊಳ್ಳುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ ಹೃದಯಕ್ಕೆ ಒಳ್ಳೆಯದು, ಸಕ್ಕರೆ ಹತೋಟಿಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ಆ ಎಳೆಗಳಿಗೆ ಅದು ಕೆಲಸವೇ ಅಲ್ಲ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ಮೂರು ಬಗೆಯ ಚಟುವಟಿಕೆಯನ್ನು ಬೇರೆಬೇರೆಯಾಗಿ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ನಡಿಗೆಯಂಥದ್ದು, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ಅಥವಾ ಹೆಚ್ಚು ದಿನ ಸಮತೋಲನದ ಅಭ್ಯಾಸ. ನಮ್ಮಲ್ಲಿ ಮೊದಲನೆಯದೊಂದೇ ಚಾಲ್ತಿಗೆ ಬಂದಿದೆ.

ಮರೆಯಾದ ಕೆಲಸಗಳು, ಉಳಿದ ದಣಿವು

ಹಿಂದೆ ಈ ಭಾಗದಲ್ಲಿ ವ್ಯಾಯಾಮವೆಂದು ಯಾರೂ ಪ್ರತ್ಯೇಕವಾಗಿ ಮಾಡುತ್ತಿರಲಿಲ್ಲ, ಗರಡಿಯ ಹುಡುಗರ ಹೊರತು. ಬೀಸುಕಲ್ಲು, ಒರಳು, ಬಾವಿ ನೀರು, ನೆಲದ ಮೇಲಿನ ಊಟ, ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ, ಇವೆಲ್ಲ ದಿನಕ್ಕೆ ಹತ್ತಾರು ಸಲ ಕೂತು ಏಳುವಂತೆ ಮಾಡುತ್ತಿದ್ದವು. ಈಗ ಗಿರಣಿ, ಮಿಕ್ಸಿ, ನಲ್ಲಿ, ಡೈನಿಂಗ್ ಟೇಬಲ್, ಕಮೋಡ್. ಹೆಂಗಸರ ಹೆಗಲ ಮೇಲಿನ ಹೊರೆ ಇಳಿದದ್ದು ನಿಜಕ್ಕೂ ಒಳ್ಳೆಯದೇ. ಬೀಸುಕಲ್ಲಿಗೆ ಮರಳಿ ಎಂದು ಯಾರೂ ಹೇಳಬಾರದು. ಆದರೆ ಆ ಕೆಲಸದ ಜೊತೆಗೆ ಹೋದ ಏಳು-ಕೂರುಗಳನ್ನು ಬೇರೆ ದಾರಿಯಲ್ಲಿ ತಂದುಕೊಳ್ಳದೆ ಹೋದರೆ ಅರವತ್ತೈದರಲ್ಲಿ ಮೊಣಕಾಲು ಹಿಡಿದುಕೊಂಡು ಏಳುವುದು ತಪ್ಪುವುದಿಲ್ಲ.

ಹಳ್ಳಿಯವರು ಹೇಳುವ ಮಾತು ಬೇರೆ: "ದಿನಾ ಹೊಲಕ್ಕೆ ಹೋಗ್ತೀವಿ, ನಮಗ್ಯಾಕ ವ್ಯಾಯಾಮ?" ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರು ಗಂಟೆಗಟ್ಟಲೆ ಬಗ್ಗಿಯೇ ಇರುತ್ತಾರೆ. ಹತ್ತಿ, ಮೆಣಸಿನಕಾಯಿ ಬಿಡಿಸುವವರು ಒಂದೇ ಭಂಗಿಯಲ್ಲಿ ದಿನ ಕಳೆಯುತ್ತಾರೆ. ದೇಹ ದಣಿಯುತ್ತದೆ, ಸೊಂಟದ ಮಣಿಗಳು ಸವೆಯುತ್ತವೆ, ಆದರೆ ತೊಡೆಗೆ ಪೂರ್ತಿ ಮಡಚಿ ಏಳುವ ಕೆಲಸ ಸಿಗುವುದಿಲ್ಲ. ಸ್ನಾಯು ಬೆಳೆಯಲು ಮೂರು ಬೇಕು: ರೂಢಿಗಿಂತ ತುಸು ಹೆಚ್ಚಿನ ಭಾರ, ನಡುವೆ ಒಂದೆರಡು ದಿನ ವಿಶ್ರಾಂತಿ, ಸಾಕಷ್ಟು ಪ್ರೋಟೀನ್. ಕೂಲಿ ಕೆಲಸದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಅಲ್ಲದೆ ಕಟಾವಿಗೆ ಯಂತ್ರ ಬಂದ ಮೇಲೆ ಭಾರದ ಕೆಲಸ ಕಡಿಮೆಯಾಗಿ, ಬಗ್ಗುವ ಕೆಲಸವಷ್ಟೇ ಉಳಿದಿದೆ.

ವಯಸ್ಸಾದ ಮೇಲೆ ಬಲ ಬರುವುದುಂಟೇ ಎಂಬ ಅನುಮಾನಕ್ಕೆ ಉತ್ತರ ಸಿಕ್ಕಿ ಮೂರು ದಶಕ ದಾಟಿತು. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಭಾರದ ವ್ಯಾಯಾಮ ಮಾಡಿಸಿದ ಅಧ್ಯಯನ ಪ್ರಕಟವಾಯಿತು. ತರಬೇತಿ ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು. ನ್ಯೂಜಿಲೆಂಡಿನ ಒಟಾಗೋದಲ್ಲಿ ರೂಪಿಸಿದ, ಮನೆಯಲ್ಲೇ ಮಾಡುವ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮಗಳಿಂದ ಬೀಳುವ ಪ್ರಸಂಗಗಳು ಸುಮಾರು ಮೂರನೇ ಒಂದರಷ್ಟು ಇಳಿದವು. ಯಾವ ಔಷಧಿಯೂ ಇಷ್ಟು ಮಾಡುವುದಿಲ್ಲ.

ಮೊದಲು ಅಳೆದುಕೊಳ್ಳಿ

ಒಂದು ಕುರ್ಚಿ, ಮೊಬೈಲಿನ ಗಡಿಯಾರ ಇದ್ದರೆ ಸಾಕು. ಕೈಗಳಿಲ್ಲದ ಗಟ್ಟಿ ಕುರ್ಚಿ, ಕೂರುವ ಎತ್ತರ ಸುಮಾರು 43 ಸೆಂಟಿಮೀಟರ್ (17 ಇಂಚು), ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಅದರ ಕಾಲುಗಳು ಅಗಲವಾಗಿ ಜಾರುತ್ತವೆ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಎಣಿಸಬೇಕು. 65ರಿಂದ 69ರ ಹೆಂಗಸರು 11, ಗಂಡಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಇದೆ ಎಂದರ್ಥ. 70ರಿಂದ 74ರವರಿಗೆ ಈ ಗಡಿ ಹೆಂಗಸರಿಗೆ 10, ಗಂಡಸರಿಗೆ 12. 80ರಿಂದ 84ರವರಿಗೆ ಹೆಂಗಸರಿಗೆ 9, ಗಂಡಸರಿಗೆ 10. ಕೈ ಊರಿಯೇ ಏಳಬೇಕಾಯಿತೆಂದರೆ ಅಂಕ ಸೊನ್ನೆ. ಅದಕ್ಕೆ ಎದೆಗುಂದಬೇಕಿಲ್ಲ, ಎಲ್ಲಿಂದ ಶುರುಮಾಡಬೇಕು ಎಂಬುದು ತಿಳಿದಂತಾಯಿತು ಅಷ್ಟೆ.

ಇನ್ನೊಂದು ಅಳತೆ ಮೀನಖಂಡದ್ದು. ದರ್ಜಿಯ ಟೇಪಿನಿಂದ ಅತಿ ದಪ್ಪ ಜಾಗದಲ್ಲಿ ಸುತ್ತಳತೆ ತೆಗೆಯಿರಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇಟ್ಟ ಗಡಿ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್. ಅದಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಸಂಶಯ ಪಡಬೇಕು. ಕಾಲು ಬಾತಿರುವವರಿಗೆ ಈ ಅಳತೆ ಸುಳ್ಳು ಹೇಳುತ್ತದೆ.

ವ್ಯಾಯಾಮ: ಕುರ್ಚಿ, ಕೌದಿ, ಸೈಕಲ್ ಟ್ಯೂಬ್

ಎಲ್ಲಕ್ಕಿಂತ ಮುಖ್ಯವಾದದ್ದು ಕುರ್ಚಿಯ ಬಸ್ಕಿ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂತು, ಪಾದಗಳನ್ನು ಭುಜದಷ್ಟು ಅಗಲವಿಟ್ಟು, ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು. ಬೆನ್ನು ನೇರವಿಟ್ಟು ಎದೆಯನ್ನು ಮುಂದಕ್ಕೆ ಬಾಗಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬಂದ ಮೇಲೆ ಹಿಮ್ಮಡಿ ಒತ್ತಿ ಏಳಬೇಕು. ಹೆಚ್ಚಿನವರು ಎದೆ ಬಾಗಿಸದೆ ನೇರ ಮೇಲೇಳಲು ಹೋಗಿ ಮೊಣಕಾಲು ನೋಯಿಸಿಕೊಳ್ಳುತ್ತಾರೆ. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತ ಇಳಿಯಬೇಕು, ಇಳಿಯುವ ಆ ಮೂರು ಎಣಿಕೆಯಲ್ಲೇ ಬಲ ಹೆಚ್ಚು ಬೆಳೆಯುತ್ತದೆ. ಮೊಣಕಾಲುಗಳು ಒಂದಕ್ಕೊಂದು ಒಳಕ್ಕೆ ವಾಲಬಾರದು. ಎಂಟರಿಂದ ಹತ್ತು ಸಲ ಮಾಡಿ ಎರಡು ನಿಮಿಷ ದಣಿವಾರಿಸಿಕೊಂಡು ಇನ್ನೊಂದು ಸುತ್ತು. ಮೂರು ವಾರದ ನಂತರ ಮೂರನೇ ಸುತ್ತು ಸೇರಿಸಬಹುದು.

ಕೈ ಊರದೆ ಏಳಲಾಗದವರು ಕುರ್ಚಿಯ ಮೇಲೆ ಕೌದಿ ಮಡಚಿ ಹಾಕಿ ಎತ್ತರವನ್ನು ನಾಲ್ಕೈದು ಬೆರಳಿನಷ್ಟು ಏರಿಸಿಕೊಳ್ಳಲಿ. ಎಂಟು ಸಲ ಸಲೀಸಾಗಿ ಆದ ಮೇಲೆ ಕೌದಿಯ ಒಂದು ಮಡಿಕೆ ತೆಗೆಯುವುದು, ಮುಂದಿನ ವಾರ ಇನ್ನೊಂದು. ಬರಿಯ ಕುರ್ಚಿಯಲ್ಲಿ 12 ಸಲ ಸುಲಭವಾದವರು ಒಂದು ಕೆ.ಜಿ. ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಮಾಡಲಿ, ಆಮೇಲೆ ಎರಡು ಕೆ.ಜಿ., ಐದು ಕೆ.ಜಿ. ಇಲ್ಲೇ ಬಹಳಷ್ಟು ಜನ ತಪ್ಪುವುದು: ಅದೇ ಹತ್ತು ಬಸ್ಕಿಯನ್ನು ವರ್ಷವಿಡೀ ಮಾಡುತ್ತಾರೆ. ಕೊನೆಯ ಎರಡು ಮೂರು ಸಲ ಕಷ್ಟವೆನಿಸಬೇಕು. ಕಷ್ಟವೆನಿಸದ ವ್ಯಾಯಾಮ ಇರುವ ಬಲವನ್ನು ಒಂದಷ್ಟು ಕಾಯುತ್ತದೆಯೇ ಹೊರತು ಹೊಸದನ್ನು ಕೊಡುವುದಿಲ್ಲ.

ಉಳಿದವು ಇಷ್ಟು ವಿವರ ಬೇಡುವುದಿಲ್ಲ. ಗೋಡೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು 12ರಿಂದ 15 ಸಲ, ಬಲ ಬಂದಂತೆ ಒಂಟಿ ಕಾಲಿನಲ್ಲಿ. ಅಡುಗೆ ಕಟ್ಟೆ ಹಿಡಿದು, ಮೈ ವಾಲಿಸದೆ, ಒಂದೊಂದೇ ಕಾಲನ್ನು ಪಕ್ಕಕ್ಕೆ ಅಡಿಯಷ್ಟು ಎತ್ತುವುದು ಹತ್ತು ಹತ್ತು ಸಲ. ಸೊಂಟದ ಪಕ್ಕದ ಈ ಸ್ನಾಯು ಸೋತವರೇ ಪಕ್ಕಕ್ಕೆ ಬೀಳುವುದು, ಸೊಂಟದ ಕೀಲು ಮುರಿಯುವುದೂ ಹೆಚ್ಚಾಗಿ ಪಕ್ಕಕ್ಕೆ ಬಿದ್ದಾಗಲೇ. ಮನೆಯ ಮೊದಲ ಮೆಟ್ಟಿಲನ್ನು ಒಂದೇ ಕಾಲಿಟ್ಟು ಎಂಟು ಸಲ ಹತ್ತಿ ನಿಧಾನಕ್ಕೆ ಇಳಿಯುವುದು, ಆಮೇಲೆ ಇನ್ನೊಂದು ಕಾಲು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಬೇಕಾಗುವವರಿಗೆ ಇದು ಬಿಡಲಾಗದ ವ್ಯಾಯಾಮ. ಕೈ, ಬೆನ್ನಿಗೆ ಹಳೆಯ ಸೈಕಲ್ ಟ್ಯೂಬ್ ಸಾಕು: ಕಿಟಕಿಯ ಸರಳಿಗೆ ಸುತ್ತಿ ಎರಡು ತುದಿ ಹಿಡಿದು, ಮೊಣಕೈ ಪಕ್ಕೆಗೆ ತಾಗುವಂತೆ 12 ಸಲ ಎಳೆಯುವುದು. ಬಿರುಕು ಬಿಟ್ಟ ಟ್ಯೂಬ್ ಬೇಡ, ಅದು ಹರಿದರೆ ಹಿಂದಕ್ಕೆ ಬೀಳುತ್ತೀರಿ. ಕೊನೆಗೆ ಎರಡೂ ಕೈಯಲ್ಲಿ ಮೂರು ಮೂರು ಕೆ.ಜಿ.ಯ ಚೀಲ ಹಿಡಿದು 30 ಹೆಜ್ಜೆ ನಡೆಯುವುದು. ಒಂದೇ ಪಕ್ಕದ ಸೊಂಟದ ಮೇಲೆ ಕೊಡ ಇಟ್ಟು ತರುವುದಕ್ಕಿಂತ ಭಾರವನ್ನು ಎರಡು ಕೈಗೆ ಹಂಚುವುದು ಬೆನ್ನಿಗೆ ಹಿತ.

ಇದೆಲ್ಲ ಸೇರಿ 25 ನಿಮಿಷ. ಸೋಮವಾರ, ಗುರುವಾರ ಎಂದು ಗೊತ್ತುಮಾಡಿಕೊಂಡರೆ ಎರಡು ದಿನ ಸಾಕು. ದಿನವೂ ಮಾಡಿದರೆ ಸ್ನಾಯು ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತ ಮಾಡಿದರೆ ಉಸಿರು ತಾನಾಗಿ ಹೊರಡುತ್ತದೆ. ಬಿಪಿ 180/110 ದಾಟಿದ್ದರೆ, ಎದೆನೋವು ಇದ್ದರೆ, ಇತ್ತೀಚೆಗೆ ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಮಾಡಬಾರದು, ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುತ್ತದೆ.

ಸಮತೋಲನಕ್ಕೆ ಐದು ನಿಮಿಷ. ಗೋಡೆಯ ಮೂಲೆಗೆ ಬೆನ್ನು ಮಾಡಿ, ಮುಂದೆ ಕುರ್ಚಿ ಇಟ್ಟುಕೊಂಡು ನಿಲ್ಲಿ. ಪಾದಗಳನ್ನು ಜೋಡಿಸಿ ಹತ್ತು ಸೆಕೆಂಡು, ಒಂದರ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿನ ಪಕ್ಕಕ್ಕಿಟ್ಟು ಹತ್ತು ಸೆಕೆಂಡು, ಒಂದರ ಮುಂದೆ ಒಂದನ್ನು ಗೆರೆಯ ಮೇಲಿಟ್ಟಂತೆ ಹತ್ತು ಸೆಕೆಂಡು. ಕೊನೆಯದು ಆಗದವರು ವಾರಕ್ಕೆ ಮೂರು ದಿನ ಇದನ್ನೇ ಮಾಡಲಿ. ಆದವರು ಒಂಟಿ ಕಾಲಿಗೆ ಹೋಗಲಿ.

ಮೊದಲ ವಾರ ತೊಡೆ ನೋಯುತ್ತದೆ, ಎರಡನೇ ದಿನ ಹೆಚ್ಚು. ಇದು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಮೊಣಕಾಲು ಬಾವು, ಮರುದಿನ ಬೆಳಿಗ್ಗೆಯೂ ಇಳಿಯದ ಕೀಲುನೋವು ಸಹಜವಲ್ಲ. ಆಗ ಎತ್ತರ ಹೆಚ್ಚಿಸಿ, ಸಂಖ್ಯೆ ಇಳಿಸಬೇಕು, ಪೂರ್ತಿ ನಿಲ್ಲಿಸುವುದು ಬೇಡ. ಮೂರು ನಾಲ್ಕು ವಾರಕ್ಕೆ ಏಳುವುದು ಹಗುರವೆನಿಸುತ್ತದೆ. ಅದು ನರಗಳು ಕಲಿತದ್ದರ ಫಲ, ಸ್ನಾಯು ನಿಜವಾಗಿ ತುಂಬಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಕಾಲು ದಪ್ಪವಾಗಲಿಲ್ಲ ಎಂದು ನಡುವೆ ಬಿಡುವವರು ಫಲ ಬರುವ ಹೊತ್ತಿಗೇ ಬಿಟ್ಟಿರುತ್ತಾರೆ.

ಬಿದ್ದ ಮೇಲೆ ಏಳುವುದನ್ನೂ ಕಲಿಯಬೇಕು

ಇದನ್ನು ಕಲಿಸುವವರೇ ಇಲ್ಲ. ಜಮಖಾನೆಯ ಮೇಲೆ, ಪಕ್ಕದಲ್ಲಿ ಒಬ್ಬರಿರುವಾಗ, ಹೀಗೆ ಅಭ್ಯಾಸ ಮಾಡಬೇಕು. ಅಂಗಾತ ಮಲಗಿದವರು ಮೊದಲು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಗೈ ಊರಿ ಮೇಲೆ ಬರಬೇಕು. ಅಲ್ಲಿಂದ ಅಂಬೆಗಾಲಿಗೆ. ಹಾಗೇ ತೆವಳುತ್ತ ಮಂಚವೋ ಗಟ್ಟಿ ಕುರ್ಚಿಯೋ ಇರುವಲ್ಲಿಗೆ ಹೋಗಿ, ಎರಡೂ ಕೈಗಳನ್ನು ಅದರ ಮೇಲಿಡಬೇಕು. ಬಲವಾದ ಕಾಲಿನ ಪಾದವನ್ನು ಮುಂದೆ ತಂದು ನೆಲಕ್ಕೆ ಪೂರ್ತಿ ಊರಿ, ಕೈ ಮತ್ತು ಆ ಕಾಲಿನಿಂದ ಒಟ್ಟಿಗೆ ಒತ್ತಿ ಎದ್ದು, ತಿರುಗಿ ಕೂರಬೇಕು. ಕೂತ ಮೇಲೆ ಒಂದೆರಡು ನಿಮಿಷ ಹಾಗೇ ಇರಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ನಿಂತರೆ ತಲೆ ಸುತ್ತಿ ಮತ್ತೆ ಬೀಳುವ ಅಪಾಯವಿದೆ. ಮೊಣಕಾಲು ಊರಲು ನೋವಾದರೆ ಕೆಳಗೆ ಕೌದಿ.

ನಿಜವಾಗಿ ಬಿದ್ದಾಗ ಮಾತ್ರ ಅವಸರ ಮಾಡಬಾರದು. ತೊಡೆಸಂದಿಯಲ್ಲಿ ತೀವ್ರ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಏಳಲು ಯತ್ನಿಸದೆ 108ಕ್ಕೆ ಕರೆ ಮಾಡಬೇಕು. ಇದಕ್ಕಾಗಿಯೇ ಒಂಟಿಯಾಗಿರುವವರ ಮೊಬೈಲ್ ಮಾಡದಲ್ಲಿ ಚಾರ್ಜಿಗೆ ಇರಬಾರದು, ಸೊಂಟದ ಚೀಲದಲ್ಲೋ ಜೇಬಿನಲ್ಲೋ ಇರಬೇಕು. ಬಚ್ಚಲಿನ ನುಣುಪಾದ ಪರಸಿ ಕಲ್ಲು, ಎತ್ತರದ ಹೊಸ್ತಿಲು, ಸವೆದ ಹವಾಯಿ ಚಪ್ಪಲಿ, ರಾತ್ರಿ ಪಾಯಖಾನೆಗೆ ಹೋಗುವ ದಾರಿಯ ಕತ್ತಲೆ: ಬೀಳುವುದು ಹೆಚ್ಚಾಗಿ ಇವುಗಳಿಂದ. ಗೋಡೆಗೆ ಹಿಡಿಕೆ ಕೂರಿಸಿ, ಒಂದು ಸಣ್ಣ ಬಲ್ಬು ಹಾಕಿಸುವ ಖರ್ಚು ದೊಡ್ಡದಲ್ಲ.

ಬಿಸಿಲು, ನೀರು, ತಟ್ಟೆ

ಏಪ್ರಿಲ್, ಮೇ ತಿಂಗಳಲ್ಲಿ ಈ ಜಿಲ್ಲೆಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಬೆವರೂ ಕಡಿಮೆ. ಒಣ ಹವೆಯಲ್ಲಿ ಬಂದ ಬೆವರು ಕೂಡಲೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬುದೂ ಗೊತ್ತಾಗುವುದಿಲ್ಲ. ನಡಿಗೆ ಬೆಳಿಗ್ಗೆ ಏಳರೊಳಗೆ ಮುಗಿಯಲಿ, ಹೊರಡುವ ಮುನ್ನ ಒಂದು ಲೋಟ ನೀರು, ಬಂದ ಮೇಲೆ ಮಜ್ಜಿಗೆ. ನೀರು ಹೋಗುವ ಮಾತ್ರೆ ನುಂಗುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಬೇಸಿಗೆಗೆ ಮುಂಚೆಯೇ ನೀರಿನ ಅಳತೆ ಮತ್ತು ಮಾತ್ರೆಯ ಪ್ರಮಾಣವನ್ನು ವೈದ್ಯರ ಹತ್ತಿರ ಕೇಳಿಟ್ಟುಕೊಳ್ಳಬೇಕು. ಬಿಸಿಲಿನ ನೆಪದಲ್ಲಿ ಎರಡು ತಿಂಗಳು ಮಲಗುವುದು ಮಾತ್ರ ದುಬಾರಿ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಂತ ವೃದ್ಧರು ಹತ್ತೇ ದಿನ ಹಾಸಿಗೆಯಲ್ಲಿದ್ದುದಕ್ಕೆ ಕಾಲುಗಳಿಂದ ಸುಮಾರು ಒಂದು ಕೆ.ಜಿ. ಸ್ನಾಯು ಕಳೆದುಕೊಂಡರು. ಚಿಕೂನ್‌ಗುನ್ಯಾ, ಡೆಂಗಿ ಬಂದು ಹೋದ ಮೇಲೆ ಮುದುಕರು ಮೊದಲಿನಂತಾಗದೆ ಇರುವುದಕ್ಕೆ ಇದೂ ಒಂದು ಕಾರಣ. ಜ್ವರ ಬಿಟ್ಟ ಕೂಡಲೇ ಮಂಚದ ಅಂಚಿನಿಂದ ದಿನಕ್ಕೆ ಐದೈದು ಸಲ ಎದ್ದು ಕೂರುವುದರಿಂದ ಶುರುಮಾಡಬೇಕು.

ಸ್ನಾಯುವಿಗೆ ಪ್ರೋಟೀನ್ ಇಲ್ಲದಿದ್ದರೆ ಬಸ್ಕಿ ಬರಿಯ ದಣಿವು. ವಯಸ್ಸಾದವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಬೇಕು ಎಂಬುದು ಈಗಿನ ತಜ್ಞರ ಸಲಹೆ. 55 ಕೆ.ಜಿ. ತೂಕದವರಿಗೆ ದಿನಕ್ಕೆ 55ರಿಂದ 66 ಗ್ರಾಂ. ತುಂಗಭದ್ರಾ ಕಾಲುವೆ ನೀರಿನ ಜೊತೆ ಅನ್ನ ನಮ್ಮ ತಟ್ಟೆ ತುಂಬಿತು, ಜೋಳ ಹಿಂದೆ ಸರಿಯಿತು. ರೊಟ್ಟಿಗೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಾರಿನಂಶಕ್ಕೆ ರೊಟ್ಟಿ ಮೇಲು, ನಿಜ. ಆದರೆ ಪ್ರೋಟೀನ್ ಲೆಕ್ಕದಲ್ಲಿ ನೂರು ಗ್ರಾಂ ಜೋಳದಲ್ಲಿ ಸುಮಾರು 10, ಅಕ್ಕಿಯಲ್ಲಿ ಸುಮಾರು 8 ಗ್ರಾಂ, ಅಂತರ ಅಷ್ಟೇ. ಕೊರತೆ ತುಂಬುವುದು ಜೊತೆಗಿರುವ ಕಾಳು, ಹಾಲು, ಮೊಟ್ಟೆ. ಮೂರು ರೊಟ್ಟಿಯಿಂದ 18 ಗ್ರಾಂ, 50 ಗ್ರಾಂ ಹೆಸರು ಅಥವಾ ಮಡಕಿ ಕಾಳಿನಿಂದ 12, ಎರಡು ಚಮಚ ತುಂಬ ಶೇಂಗಾ ಹಿಂಡಿಯಿಂದ 6, ಒಂದು ಲೋಟ ಹಾಲು 6, ಒಂದು ಬಟ್ಟಲು ಮೊಸರು 6, ಒಂದು ಮೊಟ್ಟೆ 6 ಎಂದರೆ ಹತ್ತಿರ ಹತ್ತಿರ 54. ಬೆಳಿಗ್ಗೆ ವಗ್ಗರಣಿ-ಮಿರ್ಚಿ, ರಾತ್ರಿ ಅನ್ನ-ಸಾರು ಎಂದಾದರೆ ಇದರ ಅರ್ಧವೂ ಮುಟ್ಟುವುದಿಲ್ಲ. ಹಲ್ಲಿಲ್ಲದವರು ಮೊದಲು ಬಿಡುವುದು ಕಾಳು ಮತ್ತು ಶೇಂಗಾವನ್ನೇ, ಆದ್ದರಿಂದ ಅವರಿಗೆ ಕಾಳು ನುಣ್ಣಗೆ ಬೇಯಿಸಿ ಕೊಡಬೇಕು, ಹಲ್ಲಿನ ಸೆಟ್ಟನ್ನು ಶೋಕಿ ಎಂದು ತಳ್ಳಿಹಾಕಬಾರದು. ಕಿಡ್ನಿ ರೋಗಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಇಲ್ಲಿಯದೇ ಆದ ಇನ್ನೊಂದು ತೊಡಕು ಫ್ಲೋರೈಡ್. ಮೂರೂ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂನ ಗಡಿ ಮೀರಿದೆ. ವರ್ಷಗಟ್ಟಲೆ ಅದನ್ನು ಕುಡಿದವರ ಬೆನ್ನು, ಕೀಲು ಬಿಗಿಯುತ್ತವೆ. ಎಲುಬು ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸು, ಬೇಗ ಮುರಿಯುತ್ತದೆ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯುವುದು ಈ ಮೂರೂ ಆಗದಿದ್ದರೆ ಬರಿಯ ವಯಸ್ಸಿನ ಬಿಗಿತವೆಂದು ಬಿಡದೆ ತೋರಿಸಬೇಕು. ಅಂಥವರು ಎಳೆದು ಬಗ್ಗಿಸುವ ಆಸನಗಳಿಗೆ ಹೋಗಬಾರದು, ಕುರ್ಚಿಯ ಬಸ್ಕಿ ಸಾಕು. ಕುಡಿಯಲು ಮಾತ್ರವಲ್ಲ, ಬೇಳೆ, ಅನ್ನ, ಚಹಾಕ್ಕೂ ಶುದ್ಧ ನೀರಿನ ಘಟಕದ ನೀರೇ ಇರಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಮೊಣಕಾಲು ನೋವಿಗೆ ವಾರಕ್ಕೊಮ್ಮೆ ಸೂಜಿ ಮಾಡಿಸಿಕೊಳ್ಳುವ ಅಭ್ಯಾಸ ಹಳ್ಳಿಗಳಲ್ಲಿ ಬೇರೂರಿದೆ. ಅದರಲ್ಲಿರುವುದು ನೋವು ನಿವಾರಕವಾದರೆ, ಬಿಸಿಲಿನಲ್ಲಿ ನೀರು ಕಡಿಮೆಯಾದ ದೇಹದಲ್ಲಿ ಕಿಡ್ನಿಗೆ ಪೆಟ್ಟು. ಸ್ಟಿರಾಯ್ಡ್ ಆದರೆ ಮೇಲಿಂದ ಮೇಲೆ ತೆಗೆದುಕೊಂಡಾಗ ಸ್ನಾಯುವನ್ನೂ ಎಲುಬನ್ನೂ ತೆಳುವಾಗಿಸುತ್ತದೆ. ಸವೆದ ಮೊಣಕಾಲಿಗೆ ಮೊದಲ ಚಿಕಿತ್ಸೆ ತೊಡೆಯ ಬಲವೇ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಆಸೆಯಿರುವವರು ಎರಡು ತಿಂಗಳು ಮುಂಚೆ ಮೆಟ್ಟಿಲಿನ ವ್ಯಾಯಾಮ ಶುರುಮಾಡಲಿ. ಮೊಣಕಾಲಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗ, ಆಗ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಸೇರಿಸುತ್ತ ಬರಬೇಕು.

ಊರಿನ ಪಾಲಿನ ಕೆಲಸ

ಪಾರ್ಕುಗಳಲ್ಲಿ ಹಾಕಿರುವ ಓಪನ್ ಜಿಮ್ ಯಂತ್ರಗಳು ಕೈಕಾಲು ಆಡಿಸಲು ಚೆನ್ನ. ಆದರೆ ಹೆಚ್ಚಿನವುಗಳಲ್ಲಿ ಭಾರ ಏರಿಸುವ ವ್ಯವಸ್ಥೆಯೇ ಇಲ್ಲ, ತೂಗಾಡುವ ಪಾದದ ಹಲಗೆ ಎಪ್ಪತ್ತರವರಿಗೆ ಸುರಕ್ಷಿತವೂ ಅಲ್ಲ. ಅದೇ ದುಡ್ಡಿನಲ್ಲಿ ಬೇರೆಬೇರೆ ಎತ್ತರದ, ಅಂದರೆ 50, 45, 40 ಸೆಂಟಿಮೀಟರಿನ ಮೂರು ಕಲ್ಲು ಬೆಂಚು, ಹಿಡಿಯಲು ಕಂಬಿ, ಆರು ಇಂಚಿನ ಎರಡು ಮೆಟ್ಟಿಲು, ಮಬ್ಬು ಬೆಳಗಿಗೆ ದೀಪ ಹಾಕಿಸಿದರೆ ಅದು ಮುದುಕರ ನಿಜವಾದ ಗರಡಿ. ಹಳ್ಳಿಗಳಲ್ಲಿ ಪಂಚಾಯಿತಿ ಇದನ್ನು ಗುಡಿಯ ಕಟ್ಟೆ, ಶಾಲೆಯ ಅಂಗಳದಲ್ಲೂ ಮಾಡಬಹುದು. ಬೀದಿನಾಯಿಗಳ ಭಯದಿಂದ ನಸುಕಿನಲ್ಲಿ ಹೊರಬೀಳಲಾಗದ ಹೆಂಗಸರಿಗೆ ಇದು ಹೆಚ್ಚು ಅನುಕೂಲ.

ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಹೊರರೋಗಿ ವಿಭಾಗ, ಹತ್ತು ಹಾಸಿಗೆಯ ವಾರ್ಡು, ಫಿಜಿಯೋಥೆರಪಿ ಅದರ ಭಾಗ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವಾ ಪಟ್ಟಿಯಲ್ಲೂ ವೃದ್ಧರ ಆರೈಕೆ ಸೇರಿದೆ. ಬಿಪಿ, ಸಕ್ಕರೆ ನೋಡಲು ಬರುವ ಪ್ರತಿ ಹಿರಿಯರಿಗೂ 30 ಸೆಕೆಂಡಿನ ಕುರ್ಚಿ ಪರೀಕ್ಷೆ ಮಾಡಿಸಿ, ಬಂದ ಅಂಕವನ್ನು ಅದೇ ಚೀಟಿಯಲ್ಲಿ ಬರೆಯುವುದು ಅಲ್ಲಿನ ಸಿಬ್ಬಂದಿಗೆ ಕಷ್ಟವಲ್ಲ. ಮೂರು ತಿಂಗಳಿಗೊಮ್ಮೆ ಅಳೆದಾಗ ಅಂಕ ಎರಡು ಇಳಿದಿದ್ದರೆ ಅವರನ್ನು ಫಿಜಿಯೋಥೆರಪಿಸ್ಟ್ ಹತ್ತಿರ ಕಳುಹಿಸಬೇಕು. ಇದನ್ನು ಕೇಳುವ ಹಕ್ಕು ಹಿರಿಯರಿಗಿದೆ. ಊರಿಗೆ ಬಂದಾಗ ಅಪ್ಪ-ಅವ್ವನ ಬಿಪಿ ಎಷ್ಟಿದೆ ಎಂದು ವಿಚಾರಿಸುವ ಮಕ್ಕಳು ಕುರ್ಚಿಯ ಅಂಕವನ್ನೂ ಕೇಳಿ, ಮುಂದಿನ ಸಲಕ್ಕೆ ಹೋಲಿಸಲು ಬರೆದಿಟ್ಟುಕೊಳ್ಳಲಿ.